ಕಚೇರಿಗೂ ತೋಟಕ್ಕೂ ಒಂದೇ ಪ್ಯಾಂಟ್

ನಮ್ಮ ಮನೆಯವರು ಭೂಮಾಪನದ ಕೆಲಸದಲ್ಲಿದ್ದರು. ಬೆಳಿಗ್ಗೆ ತೀರ್ಥಹಳ್ಳಿಯ ಕಚೇರಿಯಲ್ಲಿ ಮೇಜಿನ ಮುಂದೆ ಕೂತರೆ ಮಧ್ಯಾಹ್ನ ಸರಪಳಿ ಹಿಡಿದು ಯಾರದೋ ಗದ್ದೆ ಬದುವಿನ ಮೇಲೆ ನಡೆಯಬೇಕು. ನಡುವೆ ಮನೆಗೆ ಬಂದು ಬಟ್ಟೆ ಬದಲಿಸುವಷ್ಟು ಹೊತ್ತು ಎಲ್ಲಿರುತ್ತೆ? ಹಾಕಿಕೊಂಡು ಹೋದ ಪ್ಯಾಂಟಿನಲ್ಲೇ ಎರಡೂ ಆಗಬೇಕಿತ್ತು. ಈಗ ಮಗಳದ್ದೂ ಅದೇ ಪಾಡು. ಅವಳು ಕೃಷಿ ಇಲಾಖೆಯಲ್ಲಿದ್ದಾಳೆ. ಹನ್ನೊಂದಕ್ಕೆ ಮೀಟಿಂಗು, ಎರಡಕ್ಕೆ ಅಡಿಕೆ ತೋಟ. ಮೂವತ್ತೈದು ವರ್ಷಕ್ಕೂ ಜಾಸ್ತಿ ಈ ಪ್ಯಾಂಟುಗಳನ್ನು ಒಗೆದು, ಒಣಗಿಸಿ, ತೇಪೆ ಹಾಕಿದ್ದೇನೆ. ಯಾವ ಪ್ಯಾಂಟು ಎಲ್ಲಿ ಹರಿಯುತ್ತೆ, ಯಾಕೆ ಹರಿಯುತ್ತೆ ಅನ್ನುವುದು ಒಗೆಯುವ ಕಲ್ಲಿನ ಮೇಲೆ ಚೆನ್ನಾಗಿ ಗೊತ್ತಾಗುತ್ತೆ.

ಹೊಸ ಪ್ಯಾಂಟ್ ತಗೊಳ್ಳುವಾಗ ಎಲ್ಲರೂ ಹೊರಗಡೆ ನೋಡುತ್ತಾರೆ. ನಾನು ಮೊದಲು ಒಳಮೈ ತಿರುವಿ ನೋಡುತ್ತೇನೆ. ಹೋದ ವರ್ಷ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಗಳಿಗೆ ಒಂದು ರೆಡಿಮೇಡ್ ತಗೊಳ್ಳಲು ಹೋಗಿದ್ದೆವು. ಬೂದು ಬಣ್ಣದ್ದು, ಇಸ್ತ್ರಿ ಗೆರೆ ಕತ್ತಿಯ ಹಾಗಿತ್ತು. "ಅಮ್ಮ, ಇದು ಚೆನ್ನಾಗಿದೆ ಅಲ್ವಾ?" ಅಂದಳು. ತಿರುವಿ ಹಿಡಿದೆ. ಹಿಂಭಾಗದ ಹೊಲಿಗೆಯ ಎರಡೂ ಕಡೆ ಕಾಲಿಂಚು ಬಟ್ಟೆಯೂ ಇರಲಿಲ್ಲ. ಬಟ್ಟೆಯ ಅಂಚು ನೂಲು ಬಿಡದ ಹಾಗೆ ಹಾಕುವ ಓವರ್‌ಲಾಕ್ ದಾರ ಅಲ್ಲಲ್ಲಿ ಸಡಿಲ. ಎರಡು ಹೆಬ್ಬೆರಳಿನಲ್ಲಿ ಹೊಲಿಗೆಯನ್ನು ಆ ಕಡೆ ಈ ಕಡೆ ಎಳೆದರೆ ನಡುವೆ ದಾರ ಏಣಿ ಮೆಟ್ಟಿಲಿನ ಹಾಗೆ ಕಾಣುತ್ತಿತ್ತು. ಹಾಗೆ ಕಂಡರೆ ಅಲ್ಲೇ ಬಿಟ್ಟುಬಿಡಿ. ಆ ಪ್ಯಾಂಟ್ ಹಾಕಿಕೊಂಡು ಬಗ್ಗಿದ ದಿನವೇ ಹೊಲಿಗೆ ಬಿಟ್ಟುಕೊಳ್ಳುತ್ತೆ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸಲ ಇವರು ಹೊಸ ಪ್ಯಾಂಟ್ ಹಾಕಿಕೊಂಡು ಅಳತೆಗೆ ಹೋಗಿದ್ದರು. ಬೇಲಿಯ ತಡಮೆ ದಾಟಲು ಕಾಲೆತ್ತಿದ್ದೇ ತಡ, ಹಿಂದೆ ಪರ್ರಂತ ಹರಿಯಿತು. ಊರಿನವರೆಲ್ಲ ಸುತ್ತ ನಿಂತಿದ್ದರಂತೆ. ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಸುತ್ತಿಕೊಂಡು ಸಂಜೆವರೆಗೆ ಕೆಲಸ ಮುಗಿಸಿ ಬಂದರು. ರಾತ್ರಿ ಆ ಪ್ಯಾಂಟ್ ಬಿಚ್ಚಿ ನೋಡಿದೆ. ಬಟ್ಟೆ ಗಟ್ಟಿಯಾಗಿಯೇ ಇತ್ತು. ಹೋಗಿದ್ದು ಬರೀ ಹೊಲಿಗೆ. ಅಲ್ಲಿಂದ ಮುಂದೆ ಮನೆಗೆ ಯಾವ ಪ್ಯಾಂಟ್ ಬಂದರೂ ಮೊದಲು ಟೈಲರ್ ಹತ್ತಿರ ಹೋಗಿ ಹಿಂಭಾಗಕ್ಕೆ ಇನ್ನೊಂದು ಸಾಲು ಹೊಲಿಗೆ ಹಾಕಿಸಿಕೊಂಡು ಬರುತ್ತೆ. ಖರ್ಚು ಬಹಳ ಕಡಿಮೆ, ಹತ್ತು ನಿಮಿಷದ ಕೆಲಸ.

ಇನ್ನು ಟ್ರಯಲ್ ರೂಮಿನ ವಿಷಯ. ನಿಂತು ಕನ್ನಡಿ ನೋಡಿ ಹೊರಗೆ ಬರಬೇಡಿ. ಒಳಗೇ ಕುಕ್ಕರಗಾಲಲ್ಲಿ ಕೂತು ನೋಡಿ. ಒಂದು ಕಾಲನ್ನು ಮಂಚದ ಎತ್ತರಕ್ಕೆ ಎತ್ತಿ. ಕೂತಾಗ ಸೊಂಟ ನಿಂತಾಗಿನದಕ್ಕಿಂತ ದೊಡ್ಡದಾಗುತ್ತೆ, ಊಟ ಆದ ಮೇಲೆ ಇನ್ನೂ ಸ್ವಲ್ಪ. ಪಟ್ಟಿಯ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೂತಾಗ ಹಿಂದೆ ಬೆನ್ನು ಕಾಣುವ ಹಾಗೆ ಜಾರಿದರೆ ಅದು ಹೊಲಕ್ಕೂ ಬೇಡ, ಸ್ಕೂಟರಿಗೂ ಬೇಡ. ಮೊಣಕಾಲಿನ ಹತ್ತಿರ ಬಿಗಿ ಹಿಡಿದರೆ ಹತ್ತುವಾಗ ಪ್ರತಿ ಹೆಜ್ಜೆಗೂ ಬಟ್ಟೆ ಎಳೆಯುತ್ತೆ. ಗುಡ್ಡ ಹತ್ತುವವರ ಪ್ಯಾಂಟಿನಲ್ಲಿ ತೊಡೆಸಂದಿಗೆ ಡೈಮಂಡ್ ಆಕಾರದ ಒಂದು ತುಂಡು ಬಟ್ಟೆ ಸೇರಿಸಿ ಹೊಲಿದಿರುತ್ತಾರೆ, ಅದಕ್ಕೆ ಗಸೆಟ್ ಅಂತಾರೆ. ನಾಲ್ಕು ಹೊಲಿಗೆಯೂ ಒಂದೇ ಕಡೆ ಸೇರಿ ಎಳೆತ ತಿನ್ನುವುದು ಅದರಿಂದ ತಪ್ಪುತ್ತೆ. ಹೊರಗೆ ಏನೂ ಕಾಣುವುದಿಲ್ಲ. ಹೊಲಿಸುವವರು ಟೈಲರಿಗೆ ಹೇಳಿದರೆ ಹಾಕಿಕೊಡುತ್ತಾರೆ.

ಬಟ್ಟೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಬಟ್ಟೆಯನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿ. ಓರೆ ಗೆರೆಗಳು ಕಂಡರೆ ಅದು ಟ್ವಿಲ್. ಹಳೇ ಕಾಲದ ಡ್ರಿಲ್ ಬಟ್ಟೆಯೂ ಇದೇ ಜಾತಿ. ಓರೆ ನೇಯ್ಗೆಯಲ್ಲಿ ದಾರ ಒತ್ತೊತ್ತಾಗಿ ಕೂರುತ್ತೆ, ಮುಳ್ಳು ಸಿಕ್ಕಿದರೂ ಸುಲಭಕ್ಕೆ ಹರಿಯುವುದಿಲ್ಲ, ಮಡಿಕೆಯೂ ಕಡಿಮೆ ಬೀಳುತ್ತೆ. ಪೊಲೀಸರ, ಬಸ್ ಕಂಡಕ್ಟರುಗಳ ಖಾಕಿ ನೋಡಿ, ಓರೆ ಗೆರೆ ಕಾಣುತ್ತೆ. ಖಾಕಿ ಅಂದರೆ ಧೂಳಿನ ಬಣ್ಣ ಅಂತ ಅರ್ಥ. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆ ನಡೆಸಿದ ಜಾನ್ ಹಾಲರ್ ಆ ಬಣ್ಣವನ್ನು ಬಟ್ಟೆಗೆ ತಂದರು ಅಂತ ಕರಾವಳಿಯವರು ಹೆಮ್ಮೆಯಿಂದ ಹೇಳುತ್ತಾರೆ. ಧೂಳಿನಲ್ಲಿ ಕೆಲಸ ಮಾಡುವವರಿಗೆ ಧೂಳಿನ ಬಣ್ಣದ ಬಟ್ಟೆ. ಎಷ್ಟು ಸರಿಯಾದ ಲೆಕ್ಕ!

ತೂಕಕ್ಕೊಂದು ಅಳತೆ ಇದೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನುವುದು. ಅಂಗಡಿಯವರು ಜಿಎಸ್‌ಎಂ ಅಂತಾರೆ. ಸುಮಾರು 200ರಿಂದ 250ರ ನಡುವೆ ಇದ್ದರೆ ನಮ್ಮ ಸೆಖೆಗೂ ಸರಿ, ಬಾಳಿಕೆಗೂ ಸರಿ. 150ರ ಹತ್ತಿರದ್ದು ಶರ್ಟಿನ ಹಾಗೆ ತೆಳು, ಒಳಗಿನದು ಕಾಣುತ್ತೆ. ಒಳ್ಳೆ ದಪ್ಪದ ಜೀನ್ಸ್ 400 ದಾಟುತ್ತೆ. ಜೀನ್ಸ್ ಗಟ್ಟಿ ಅನ್ನುವುದೇನೋ ನಿಜ. ಆದರೆ ಮಳೆಯಲ್ಲಿ ನೆನೆದ ಜೀನ್ಸ್ ಹಾಕಿಕೊಂಡು ಒಂದು ಮೈಲಿ ನಡೆದವರಿಗೆ ಅದರ ಭಾರ, ತೊಡೆ ಉಜ್ಜುವ ಉರಿ ಗೊತ್ತು. ಆಷಾಢದಲ್ಲಿ ನಮ್ಮ ಕಡೆ ಅದು ನಾಲ್ಕು ದಿನವಾದರೂ ಒಣಗುವುದಿಲ್ಲ. ಆಮೇಲೆ ಬರುವ ಮುಗ್ಗಲು ವಾಸನೆ ಕಚೇರಿಯವರೆಗೂ ಬರುತ್ತೆ.

ಹಾಗಾದರೆ ಪೂರ್ತಿ ಪಾಲಿಯೆಸ್ಟರ್ ತಗೊಳ್ಳೋಣವೇ? ಬೇಡ ಅಂತಲೇ ನಾನು ಹೇಳುತ್ತೇನೆ. ಅದು ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಕಾಲಿಗೆ ಅಂಟಿಕೊಳ್ಳುತ್ತೆ. ಅದಕ್ಕಿಂತ ದೊಡ್ಡ ಭಯ ಬೆಂಕಿಯದ್ದು. ಮಗ ಹೈಸ್ಕೂಲಿನಲ್ಲಿದ್ದಾಗ ಬಚ್ಚಲು ಹಂಡೆಯ ಒಲೆಗೆ ಕಟ್ಟಿಗೆ ದೂಡುತ್ತಿದ್ದ. ಒಂದು ಕಿಡಿ ಸಿಡಿದು ಪ್ಯಾಂಟಿನ ಮೇಲೆ ಬಿತ್ತು. ಹತ್ತಿಯಾಗಿದ್ದರೆ ಕೊಡವಿದರೆ ಆಗುತ್ತಿತ್ತು. ಇದು ಕರಗಿ ಚರ್ಮಕ್ಕೆ ಅಂಟಿತು. ಮೊಣಕಾಲಿನ ಕೆಳಗೆ ಆ ಕಲೆ ಇವತ್ತಿಗೂ ಇದೆ. ಒಲೆ, ಕ್ಯಾಂಪ್ ಬೆಂಕಿ, ಪಟಾಕಿ, ಎಲ್ಲಿಗೆ ಹೋದರೂ ಈ ಮಾತು ನೆನಪಿಡಿ.

ಮಲೆನಾಡು, ಕರಾವಳಿಯವರಿಗೆ ಹತ್ತಿ ಹೆಚ್ಚಿದ್ದು ಪಾಲಿಯೆಸ್ಟರ್ ಸ್ವಲ್ಪ ಬೆರೆತ ಬಟ್ಟೆ ಒಳ್ಳೆಯದು. ನೂರರಲ್ಲಿ ಹತ್ತಿ 60ರಿಂದ 65 ಭಾಗ ಇದ್ದರೆ ಮೈಗೂ ಹಿತ, ಒಣಗುವುದೂ ಬೇಗ. ಕಲಬುರಗಿ, ವಿಜಯಪುರ ಕಡೆಯ ಬಿಸಿಲಿಗೆ ಪೂರ್ತಿ ಹತ್ತಿಯೇ ಸರಿ. ಅಲ್ಲಿ ಒಣಗುವ ಚಿಂತೆ ಎಲ್ಲಿದೆ? ಬೆಂಗಳೂರಿನಲ್ಲಿ ದಿನಾ ಬೈಕ್ ಹತ್ತಿ ಇಳಿಯುವವರು ಹತ್ತಿಯ ಜೊತೆ ನೂರಕ್ಕೆ ಎರಡು ಭಾಗ ಸ್ಪ್ಯಾಂಡೆಕ್ಸ್, ಅಂದರೆ ಎಳೆದರೆ ಹಿಗ್ಗುವ ಎಳೆ, ಇರುವುದನ್ನು ನೋಡಿ. ಎರಡಕ್ಕಿಂತ ಜಾಸ್ತಿ ಬೇಕಿಲ್ಲ. ಐದಾರು ಭಾಗ ಇದ್ದರೆ ಆರು ತಿಂಗಳಲ್ಲಿ ಮೊಣಕಾಲು ಉಬ್ಬಿ ನಿಲ್ಲುತ್ತೆ. ಈ ಎಳೆಗೆ ಬಿಸಿ ಇಸ್ತ್ರಿಯೂ ಆಗದು, ಬ್ಲೀಚಿಂಗ್ ಪುಡಿಯೂ ಆಗದು.

ಬಣ್ಣ ಆರಿಸುವಾಗ ನಿಮ್ಮ ಊರಿನ ಮಣ್ಣು ನೋಡಿ. ಕಪ್ಪು ಎಲ್ಲಕ್ಕೂ ಹೊಂದುತ್ತೆ ಅಂತ ಎಲ್ಲರೂ ಕಪ್ಪು ತಗೊಳ್ಳುತ್ತಾರೆ. ನಮ್ಮ ಕೆಮ್ಮಣ್ಣಿನ ಒಂದು ಸಿಡಿ ಸಾಕು, ಕಪ್ಪಿನ ಮೇಲೆ ಹತ್ತು ಮಾರು ದೂರಕ್ಕೆ ಕಾಣುತ್ತೆ. ನಮಗೆ ಕಂದು, ಖಾಕಿ ಒಳ್ಳೆಯದು. ಧಾರವಾಡ ಕಡೆಯ ಎರೆಮಣ್ಣಿಗೆ ಕಡು ಬೂದು ಸರಿ. ಇವು ಯಾವ ಶರ್ಟಿಗೂ, ಯಾವ ಕುರ್ತಾಕ್ಕೂ ಹೊಂದುತ್ತವೆ. ಇಸ್ತ್ರಿ ಮಾಡಿ ಬೆಲ್ಟ್ ಕಟ್ಟಿದರೆ ಯಾವ ಮೀಟಿಂಗಿಗೂ ಕಡಿಮೆಯಲ್ಲ.

ಕಾಡಂಚಿನಲ್ಲಿ ಓಡಾಡುವವರಿಗೆ ತಿಳಿ ಬಣ್ಣ ಬೇಕು ಅನ್ನಲು ಇನ್ನೊಂದು ಕಾರಣ ಇದೆ. ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದರು. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಜ್ವರ ಅದು. ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಕಚ್ಚುವ ಮರಿ ಉಣುಗುಗಳು ಸಾಸಿವೆಗಿಂತ ಚಿಕ್ಕವು. ಕಪ್ಪು ಪ್ಯಾಂಟಿನ ಮೇಲೆ ಹರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಿಳಿ ಖಾಕಿಯ ಮೇಲೆ ಕಾಣುತ್ತೆ, ಕೊಡವಬಹುದು. ಮಗಳಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ: ತೋಟಕ್ಕೆ ಇಳಿಯುವ ಮುಂಚೆ ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸು, ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೋ, ಮನೆಗೆ ಬಂದ ಕೂಡಲೇ ಬಿಸಿ ನೀರಿಗೆ ಬಟ್ಟೆ ಹಾಕಿ ಸ್ನಾನ ಮಾಡು. ಮಳೆಗಾಲದ ಉಂಬಳಕ್ಕೂ, ಅಂದರೆ ಜಿಗಣೆಗೂ, ಈ ಸಾಕ್ಸ್ ಉಪಾಯವೇ. ಇದಕ್ಕೆಲ್ಲ ಬಾಟಮ್ ಸುತ್ತಳತೆ 14, ಹೆಚ್ಚೆಂದರೆ 15 ಇಂಚು ಇರಲಿ. ಅದಕ್ಕಿಂತ ಅಗಲ ಆದರೆ ಸಾಕ್ಸ್ ಒಳಗೆ ಗಂಟು ಕಟ್ಟಿಕೊಳ್ಳುತ್ತೆ. ಕಡಿಮೆಯಾದರೆ ಕೆಸರಿಗೆ ಇಳಿಯುವಾಗ ಮೊಣಕಾಲವರೆಗೆ ಮಡಚಲು ಬರುವುದಿಲ್ಲ.

ಜೇಬಿನ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟಿದೆ. ಹೆಂಗಸರ ಪ್ಯಾಂಟಿಗೆ ಯಾಕೆ ಸರಿಯಾದ ಜೇಬು ಕೊಡುವುದಿಲ್ಲ? ಕೆಲವಕ್ಕೆ ಬರೀ ಗೆರೆ ಹೊಲಿದು ಜೇಬಿನ ಹಾಗೆ ಕಾಣಿಸಿರುತ್ತಾರೆ. ತೋಟದಲ್ಲಿ ನಿಂತು ಫೋನಿನಲ್ಲಿ ಫೋಟೊ ತೆಗೆಯಬೇಕು, ಪೆನ್ನು ಬೇಕು, ಸ್ಕೂಟಿ ಕೀ ಬೇಕು. ಇವಳು ಎಲ್ಲವನ್ನೂ ಕೈಯಲ್ಲೇ ಹಿಡಿದುಕೊಂಡು ಹಳ್ಳದ ಸಂಕ (ಕಾಲುಸೇತುವೆ) ದಾಟಬೇಕೇ? ಅದಕ್ಕೇ ಈಗ ಅವಳಿಗೆ ಹೊಲಿಸಿಯೇ ಹಾಕಿಸುವುದು. ಜೇಬಿನ ಆಳ ಅವಳ ಮಣಿಕಟ್ಟಿನವರೆಗೆ. ಒಳಗೆ ಜಿಪ್ ಇರುವ ಒಂದು ಕಳ್ಳಜೇಬು, ದುಡ್ಡಿಗೆ. ಕಾಲಿನ ಪಕ್ಕದ ದೊಡ್ಡ ಕಾರ್ಗೋ ಜೇಬು ಬೇಡ, ಕಚೇರಿಯಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ಗಂಡಸರದ್ದಾದರೂ ಜೇಬಿನ ಒಳಬಟ್ಟೆ ಮುಟ್ಟಿ ನೋಡಿ. ಸುಮ್ನೆ ಬ್ಯಾಂಡೇಜ್ ಬಟ್ಟೆಯ ಹಾಗಿದ್ದರೆ ಕೀ ಗೊಂಚಲು ಮೂರು ತಿಂಗಳಲ್ಲಿ ತೂತು ಮಾಡುತ್ತೆ. ಜಿಪ್ ಲೋಹದ್ದಿರಲಿ. ಅರ್ಧಕ್ಕೆ ಎಳೆದು ಬಿಟ್ಟರೆ ಅದು ಅಲ್ಲೇ ನಿಲ್ಲಬೇಕು, ಜಾರಬಾರದು.

ಹೊಲಿಸುವವರಿಗೆ 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಸಾಮಾನ್ಯವಾಗಿ 1.20 ಮೀಟರ್ ಸಾಕಾಗುತ್ತೆ. ಎತ್ತರದವರು 1.30 ತಗೊಳ್ಳಿ. ಹತ್ತಿಯಿದ್ದರೆ ಟೈಲರಿಗೆ ಕೊಡುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಬಟ್ಟೆ ಕುಗ್ಗುವುದೆಲ್ಲ ಮೊದಲೇ ಕುಗ್ಗಿಹೋಗಲಿ. ಒಳಮಡಿಕೆ ಎರಡು ಇಂಚಾದರೂ ಬಿಡಲು ಹೇಳಿ. ಹಿಮ್ಮಡಿ ತಾಗುವ ಕಡೆ ಒಳಗೊಂದು ಪಟ್ಟಿ ಹೊಲಿಸಿ. ಹಳೇ ಟೈಲರುಗಳು ಕೇಳದೆಯೇ ಹಾಕುತ್ತಿದ್ದರು. ಪ್ಯಾಂಟ್ ಮೊದಲು ನೂಲು ಬಿಡುವುದು ಅಲ್ಲೇ. ಅಳತೆಗೆ ನಿಮಗೆ ಸರಿಯಾಗಿ ಕೂರುವ ಹಳೇ ಪ್ಯಾಂಟನ್ನೇ ಕೊಡಿ, ಟೇಪಿನ ಅಳತೆಗಿಂತ ಅದು ನಂಬಿಕೆಯದ್ದು.

ಒಗೆಯುವ ಮಾತು ಸ್ವಲ್ಪ. ಕೆಸರು ಹಸಿಯಿದ್ದಾಗ ಉಜ್ಜಬೇಡಿ, ಇನ್ನೂ ಒಳಗೆ ಇಳಿಯುತ್ತೆ. ಪೂರ್ತಿ ಒಣಗಲಿ, ಬ್ರಷ್‌ನಲ್ಲಿ ಉದುರಿಸಿ, ಆಮೇಲೆ ನೀರು. ಉಂಬಳ ಕಚ್ಚಿದ ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿ ನೀರು ಬಿದ್ದರೆ ಕಲೆ ಕೂತುಬಿಡುತ್ತೆ. ಬೈಕ್ ಚೈನಿನ ಜಿಡ್ಡಿಗೆ ಕಡಲೆಹಿಟ್ಟೋ ಟಾಲ್ಕಮ್ ಪೌಡರೋ ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ. ಬಾಳೆಯ ಕರೆ ಮಾತ್ರ ಬಿದ್ದರೆ ಬಿತ್ತು. ನಾನು ಮಾಡದ ಉಪಾಯ ಇಲ್ಲ, ಹೋಗಿಲ್ಲ. ಬಾಳೆ ಕಡಿಯುವ ದಿನ ಹಳೇ ಬಟ್ಟೆಯೇ ಹಾಕಿ. ಯಾವ ಪ್ಯಾಂಟನ್ನಾದರೂ ಒಳಮೈ ಹೊರಗೆ ಮಾಡಿ ಒಗೆದು ಹಾಗೆಯೇ ಒಣಗಿಸಿ, ಬಣ್ಣ ಉಳಿಯುತ್ತೆ. ಇಸ್ತ್ರಿ ಮಾಡುವಾಗ ಮೇಲೊಂದು ಒದ್ದೆ ಪಂಚೆ ಹಾಸಿದರೆ ಹಿಂಭಾಗ ಮಿರಮಿರ ಹೊಳೆಯುವುದಿಲ್ಲ.

ಮಗಳಿಗೆ ಇಂಥ ಎರಡು ಪ್ಯಾಂಟ್ ಇವೆ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಮಳೆಗಾಲಕ್ಕೆ ಎರಡು ಸಾಲುವುದಿಲ್ಲ. ಮೂರನೆಯದಕ್ಕೆ ತಿಳಿ ಖಾಕಿ ಬಟ್ಟೆ ತಂದು ನಿನ್ನೆ ರಾತ್ರಿ ಬಕೆಟಿನಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ನೀರು ಸ್ವಲ್ಪವೂ ಬಣ್ಣ ಹಿಡಿದಿರಲಿಲ್ಲ. ಈಗ ಹಿಂದಿನ ಜಗಲಿಯ ನೆರಳಿನಲ್ಲಿ ಒಣಗುತ್ತಿದೆ. ನಾಳೆ ಟೈಲರಿಗೆ ಕೊಟ್ಟು ಬರಬೇಕು.