ಮಾವಿನ ತೋಟದಲ್ಲಿ ಡಿಸ್ಕ್ ಗಾಲ್ಫ್: ನಾವು ಕೋರ್ಸ್ ಮಾಡಿದ್ದು ಹೀಗೆ

ಧಾರವಾಡದಿಂದ ಕಲಘಟಗಿ ಕಡೆ ಹೋಗುವ ರಸ್ತೆಯ ಬದಿಗೆ ನನ್ನ ಸೋದರಮಾವನ ಮಾವಿನ ತೋಟ ಇದೆ. ಅದರಲ್ಲಿ ಒಂಬತ್ತು ಹೋಲ್‌ಗಳ ಡಿಸ್ಕ್ ಗಾಲ್ಫ್ ಕೋರ್ಸ್ ಮಾಡಿದ್ದೇವೆ. ಗದಗ, ಹಾವೇರಿ ಕಡೆಯಿಂದ "ಹೆಂಗ ಮಾಡಿದ್ರಿ, ನಾವೂ ಮಾಡಬೇಕು" ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್‌ನಲ್ಲಿ ಚೆಂಡು, ಕೋಲು, ಗುಂಡಿ ಇರುತ್ತವೆ. ಇಲ್ಲಿ ಪ್ಲಾಸ್ಟಿಕ್ ಡಿಸ್ಕ್, ನಿಮ್ಮ ಕೈ, ಸರಪಳಿ ಇಳಿಬಿಟ್ಟ ಬುಟ್ಟಿ. ಟೀ ಎನ್ನುವ ಕಟ್ಟೆಯಿಂದ ಎಸೆಯುವುದು, ಬಿದ್ದ ಜಾಗಕ್ಕೆ ನಡೆದು ಹೋಗಿ ಅಲ್ಲಿಂದ ಮತ್ತೆ ಎಸೆಯುವುದು, ಬುಟ್ಟಿಗೆ ಬೀಳುವ ತನಕ. ಹೀಗೆ ಒಂದು ಟೀಯಿಂದ ಅದರ ಬುಟ್ಟಿಯ ತನಕ ಒಂದು ಹೋಲ್, ಎಲ್ಲ ಹೋಲ್ ಸೇರಿದ ಜಾಗವೇ ಕೋರ್ಸ್. ಕಡಿಮೆ ಎಸೆತಕ್ಕೆ ಮುಗಿಸಿದವರು ಗೆದ್ದರು. ಅಷ್ಟೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಎಂಬುವರು ಮೊದಲ ಕಾಯಂ ಕೋರ್ಸ್ ಹಾಕಿದಾಗ ಗುರಿಗೆ ಬುಟ್ಟಿಯೂ ಇರಲಿಲ್ಲ, ಸುಮ್ನೆ ಕಂಬ ನೆಟ್ಟಿದ್ದರು. ಸರಪಳಿ ಬುಟ್ಟಿಯನ್ನು ಆಮೇಲೆ ಅವರೇ ಮಾಡಿದರು. 1976ರಲ್ಲಿ ಈ ಆಟದ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆ ಕಟ್ಟಿದವರೂ ಅವರೇ. ನಾವು ಕೂಡ ಶುರು ಮಾಡಿದ್ದು ಬಿದಿರಿನ ಗಳ ನೆಟ್ಟು. ನೀವೂ ಹಾಗೇ ಮಾಡಿ ಅಂತ ನನ್ನ ಮೊದಲ ಸಲಹೆ. ಬುಟ್ಟಿ ಕೊಂಡು ಇಟ್ಟುಕೊಂಡು ಜಾಗ ಹುಡುಕುವವರನ್ನು ನೋಡಿದ್ದೇನೆ, ಬುಟ್ಟಿ ಅಂಗಳದಲ್ಲಿ ತುಕ್ಕು ಹಿಡಿಯುತ್ತಾ ನಿಂತಿರುತ್ತದೆ.

ಜಾಗದ ಲೆಕ್ಕ ಸುಲಭ: ಒಂದು ಹೋಲ್‌ಗೆ ಹೆಚ್ಚುಕಡಿಮೆ ಒಂದು ಎಕರೆ. ಚಿಕ್ಕ ಹೋಲ್‌ಗಳಾದರೆ ಅದಕ್ಕಿಂತ ಕಡಿಮೆಯಲ್ಲೂ ಆಗುತ್ತದೆ. ಮೊದಲು ಸರ್ಕಾರಿ ಬಯಲು ಒಂದನ್ನು ಕೇಳಿ ನೋಡಿದೆವು. ಅರ್ಜಿ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಗಿ ಅಲ್ಲೇ ಕೂತಿತು. ಆಗ ಮಾಮಾ "ನಮ್ಮ ತ್ವಾಟದಾಗ ಮಾಡ್ರಲೇ, ಆದ್ರ ಒಂದು ಹೂ ಉದುರಬಾರದು, ಒಂದು ಕಾಯಿ ಬೀಳಬಾರದು" ಅಂದರು. ನಮ್ಮ ಕೋರ್ಸಿನ ಅರ್ಧ ವಿನ್ಯಾಸ ಈ ಒಂದು ಮಾತಿನಿಂದಲೇ ಬಂತು.

ತೋಟದ ನೆಲ ಎರಡು ಥರ. ಮೇಲಿನ ಭಾಗ ಕೆಂಪು ಮಣ್ಣು, ಅಲ್ಲಿ ಹಳೆಯ ಆಪೂಸ್ ಮರಗಳು ಹತ್ತು ಹತ್ತು ಮೀಟರ್ ಅಂತರದ ಸಾಲಿನಲ್ಲಿವೆ. ಕೆಳಗೆ ಹಳ್ಳದ ಕಡೆ ಎರೆ ಮಣ್ಣು, ಬೀಳು ಬಿಟ್ಟ ಜಾಗ, ಅಂಚಿಗೆಲ್ಲ ಜಾಲಿ. ಡಿಸೆಂಬರ್ ಸುಮಾರಿಗೆ ಮಾವು ಹೂ ಬಿಡಲು ಶುರು ಮಾಡುತ್ತದೆ, ಜಿಗಿಹುಳಕ್ಕೆ ಔಷಧ ಹೊಡೆಯುತ್ತಾರೆ, ಆಮೇಲೆ ಕಾಯಿ, ಮೇ ತನಕ ಹಣ್ಣು. ಆ ಹೊತ್ತಿನಲ್ಲಿ ಮೇಲೆ ಯಾರೂ ಡಿಸ್ಕ್ ಎಸೆಯುವ ಹಾಗಿಲ್ಲ. ಇನ್ನು ಮಳೆ ಹಿಡಿಯಿತು ಅಂದ್ರೆ ಕೆಳಗಿನ ಎರೆ ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಹಾಗಾಗಿ ಒಂಬತ್ತು ಹೋಲ್‌ಗಳನ್ನು ಒಂದೇ ಸುತ್ತಾಗಿ ಹಾಕಲಿಲ್ಲ. ಮೇಲೆ ಐದರ ಒಂದು ಸುತ್ತು, ಕೆಳಗೆ ನಾಲ್ಕರ ಇನ್ನೊಂದು, ಎರಡೂ ಶುರುವಾಗುವುದು ಮತ್ತು ಮುಗಿಯುವುದು ನಡುವಿನ ದೊಡ್ಡ ಹುಣಸೆ ಮರದ ಹತ್ತಿರ. ಮಳೆಗಾಲಕ್ಕೆ ಮೇಲಿನದು, ಬೇಸಿಗೆಗೆ ಕೆಳಗಿನದು, ದಸರಾ ಕಳೆದು ಹೂ ಬಿಡುವ ತನಕ ಎರಡೂ. ಹದಿನೆಂಟು ಹೋಲ್ ಯಾಕಿಲ್ಲ ಅಂತ ಕೇಳುತ್ತಾರೆ. ವರ್ಷದಲ್ಲಿ ಯಾವಾಗಲಾದರೂ ಆಡಲು ಸಿಗುವ ನಾಲ್ಕು ಹೋಲ್, ಎರಡು ತಿಂಗಳು ಮಾತ್ರ ತೆರೆದಿರುವ ಹದಿನೆಂಟಕ್ಕಿಂತ ಮೇಲು ಅಂತ ನನ್ನ ಲೆಕ್ಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರಿಯಾಗಿ ಎಸೆದ ಡಿಸ್ಕ್ ಎಲ್ಲಿ ಬೀಳುತ್ತದೆ ಅಂತ ಎಲ್ಲರೂ ಯೋಚನೆ ಮಾಡುತ್ತಾರೆ. ಕೋರ್ಸ್ ಹಾಕುವವರು ಯೋಚಿಸಬೇಕಾದದ್ದು ತಪ್ಪಿದ ಡಿಸ್ಕ್ ಎಲ್ಲಿ ಬೀಳುತ್ತದೆ ಅನ್ನುವುದನ್ನು. ಬಲಗೈಯವರು ಎದೆಯ ಮುಂದಿನಿಂದ ಬೀಸಿ ಎಸೆಯುವ ಬ್ಯಾಕ್‌ಹ್ಯಾಂಡ್ ಎಸೆತದಲ್ಲಿ ಡಿಸ್ಕ್ ವೇಗ ಕಳೆದುಕೊಂಡಂತೆ ಕೊನೆಗೆ ಎಡಕ್ಕೆ ಬಾಗುತ್ತದೆ. ಜಾಸ್ತಿ ಜನ ಬಲಗೈಯವರೇ, ಜಾಸ್ತಿ ಜನ ಎಸೆಯುವುದು ಹೀಗೇ. ಅಂದ್ರೆ ಬದುವಿನ ಗುಂಟ ಹೋಗುವಾಗ ಬದು ಎಡಕ್ಕಿದ್ದರೆ ಡಿಸ್ಕ್‌ಗಳೆಲ್ಲ ಪಕ್ಕದವರ ಹೊಲಕ್ಕೆ ಹೋಗಿ ಬೀಳುತ್ತವೆ, ಬಲಕ್ಕಿದ್ದರೆ ನಮ್ಮ ತೋಟದ ಒಳಗೇ ಬರುತ್ತವೆ. ಗುಡಿ ಸುತ್ತುವ ಹಾಗೆ ಪ್ರದಕ್ಷಿಣೆ ಹಾಕಿದರೆ ಬದು ಎಡಕ್ಕೇ ಬರುತ್ತದೆ ಅಲ್ವಾ? ಅದಕ್ಕೆ ಮೇಲಿನ ಸುತ್ತನ್ನು ಅಪ್ರದಕ್ಷಿಣೆಯಾಗಿ ಹಾಕಿದೆ. ಮಾಮಾಗೆ ಇದು ಹಿಡಿಸಲೇ ಇಲ್ಲ. "ಉಲ್ಟಾ ಸುತ್ತು ಯಾವ ಶುಭಕ್ಕೋ" ಅಂತ ಬಹಳ ದಿನ ಗೊಣಗಿದರು. ಒಂದು ಸಂಜೆ ಅವರನ್ನೇ ಟೀ ಮೇಲೆ ನಿಲ್ಲಿಸಿ ಎರಡೂ ದಿಕ್ಕಿಗೆ ಎಸೆಯಲು ಹಚ್ಚಿದೆ. ಒಂದು ದಿಕ್ಕಿನಲ್ಲಿ ಎಲ್ಲ ಡಿಸ್ಕ್ ಪಕ್ಕದವರ ಗೋವಿನಜೋಳಕ್ಕೆ ಹೋದವು, ಹುಡುಕಿ ತರುವ ಕೆಲಸವೂ ಮಾಮಾನದೇ. ಆಮೇಲೆ ಮಾತಾಡಲಿಲ್ಲ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ, ಗಾಳಿ ಅಂತ ಒಂದಿದೆ. ನಮ್ಮಲ್ಲಿ ಜೂನ್, ಜುಲೈನಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಎದುರು ಗಾಳಿಗೆ ಡಿಸ್ಕ್ ಮಗುಚಿದಂತಾಗಿ ಬಲಕ್ಕೆ ತಿರುಗುತ್ತದೆ. ಬೆನ್ನಿಗೆ ಗಾಳಿ ಇದ್ದರೆ ತೇಲದೆ ಬೇಗ ಎಡಕ್ಕೆ ಇಳಿಯುತ್ತದೆ. ಅಪ್ರದಕ್ಷಿಣೆ ಸುತ್ತಿನಲ್ಲಿ ಉತ್ತರದ ಬದು ಗುಂಟ ಹೋಗುವಾಗ ಮುಖ ಪಶ್ಚಿಮಕ್ಕೆ, ಗಾಳಿ ಎದುರಿಗೆ, ಬದು ಬಲಕ್ಕೆ. ಮೇಲಿನ ಸುತ್ತು ಆಡುವುದೇ ಮಳೆಗಾಲದಲ್ಲಿ, ಆ ಬದುವಿನ ಆಚೆ ಗೋವಿನಜೋಳ ನಿಂತಿರುವುದೂ ಆಗಲೇ. ಅದಕ್ಕೆ ಆ ನಾಲ್ಕನೇ ಹೋಲ್ ಅನ್ನು ಬದುವಿನಿಂದ ಎರಡು ಸಾಲು ಮರ ಒಳಗೆ ಎಳೆದು, ಉದ್ದವನ್ನು 45 ಮೀಟರಿಗೆ ಇಳಿಸಿದೆ. ಬಲಕ್ಕೆ ಹೋದ ಡಿಸ್ಕ್ ಮಾವಿನ ಎಲೆಗೆ ಬಡಿದು ಅಲ್ಲೇ ಬೀಳುತ್ತದೆ. ಹೊಸಬರ ಕಾಟ ಬೇರೆ: ಡಿಸ್ಕ್ ಅನ್ನು ತಡವಾಗಿ ಬಿಟ್ಟು ಬಲಕ್ಕೇ ಹಾರಿಸುತ್ತಾರೆ. ಹಾಗಾಗಿ ಒಂದು ಹೋಲಿನ ದಾರಿಗೂ ಇನ್ನೊಂದರ ಟೀಗೂ ನಡುವೆ ಇಪ್ಪತ್ತು ಮೀಟರ್‌ಗಿಂತ ಕಡಿಮೆ ಎಲ್ಲೂ ಬಿಟ್ಟಿಲ್ಲ. ಟೀ ಹತ್ತಿರ ಜನ ನಿಂತು ಹರಟೆ ಹೊಡೆಯುತ್ತಿರುತ್ತಾರೆ, ಬರುವ ಡಿಸ್ಕ್ ಕಡೆ ಯಾರ ಗಮನವೂ ಇರುವುದಿಲ್ಲ.

ಇದೆಲ್ಲ ಕಾಗದದ ಮೇಲೆ ಆಗುವ ಕೆಲಸ ಅಲ್ಲ. ಉಪಗ್ರಹದ ನಕ್ಷೆ ನೋಡಿ ಮೊದಲ ಗೆರೆ ಎಳೆಯಬಹುದು, ಆದರೆ ಅದರಲ್ಲಿ ಕೊಂಬೆ ಎಷ್ಟು ಕೆಳಗೆ ಇಳಿದಿದೆ ಅಂತ ಕಾಣುವುದಿಲ್ಲ. ಗೂಟ, ಸುಣ್ಣದ ಪುಡಿ, ಟೇಪು, ಒಂದು ಚೀಲ ಡಿಸ್ಕ್ ತಗೊಂಡು ಸುಮ್ನೆ ತಿರುಗಾಡಬೇಕು. ಅನಿಸಿದ ಜಾಗದಲ್ಲಿ ಗಳ ನೆಟ್ಟು, ಆಟ ಬಲ್ಲವರ ಜೊತೆ ಈವತ್ತೇ ಮೊದಲು ಡಿಸ್ಕ್ ಹಿಡಿದವರಿಂದಲೂ ಎಸೆಸಬೇಕು, ಬಿದ್ದಲ್ಲೆಲ್ಲ ಸುಣ್ಣ ಉದುರಿಸಬೇಕು. ನಾಲ್ಕು ಜನ ಎಸೆಯುವಷ್ಟರಲ್ಲಿ ನೆಲವೇ ಹೇಳುತ್ತದೆ. ಬೆಳಿಗ್ಗೆಯ ಬಿಸಿಲೂ ಆಗಲೇ ಗೊತ್ತಾಗುತ್ತದೆ: ನಮ್ಮ ಕಡೆ ಆಡುವುದು ಮುಂಜಾನೆ, ಹಾಗಾಗಿ ಮೊದಲ ಹೋಲ್ ಪೂರ್ವಕ್ಕೆ ಮುಖ ಮಾಡಬಾರದು, ಡಿಸ್ಕ್ ಬಿಸಿಲಿನಲ್ಲಿ ಮಾಯ ಆಗುತ್ತದೆ.

ನನಗೆ ಇಷ್ಟವಾದದ್ದು ಮೂರನೇ ಹೋಲ್. 64 ಮೀಟರ್, ಎರಡು ಸಾಲು ಮರಗಳ ನಡುವೆ. ಕಾಂಡದಿಂದ ಕಾಂಡಕ್ಕೆ ಹತ್ತು ಮೀಟರ್ ಇದ್ದರೂ ಕೊಂಬೆಗಳು ಎರಡೂ ಕಡೆಯಿಂದ ಬಂದು ಸೇರಿವೆ, ಎತ್ತಿ ಎಸೆದರೆ ಎಲೆಗೆ ಸಿಕ್ಕಿ ಬೀಳುತ್ತದೆ. ಎದೆಯ ಎತ್ತರಕ್ಕೆ, ಚಪ್ಪಟೆಯಾಗಿ, ಜಾಸ್ತಿ ಜೋರಿಲ್ಲದೆ ಬಿಡಬೇಕು. ಸುಮಾರು ನಲವತ್ತು ಮೀಟರ್ ದಾಟಿದ ಮೇಲೆ ಎಡಕ್ಕೆ ಒಂದು ಮರ ಸತ್ತು ಖಾಲಿ ಬಿದ್ದ ಜಾಗ ಇತ್ತು. ಬುಟ್ಟಿಯನ್ನು ಆ ಖಾಲಿ ಜಾಗದ ಹಿಂದೆ ಇಟ್ಟೆ. ಡಿಸ್ಕ್ ತಾನಾಗೇ ಎಡಕ್ಕೆ ಬಾಗುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆ. ತೋಳಿನಲ್ಲಿ ಬಲ ಇದೆ ಅಂತ ಬೀಸುವ ಕಾಲೇಜು ಹುಡುಗರು ಇಲ್ಲಿ ನಾಲ್ಕು ಐದು ಎಸೆತ ತಗೊಳ್ಳುತ್ತಾರೆ, ನಿಧಾನ ಎಸೆಯುವ ನಮ್ಮ ಅತ್ತೆ ಮೂರಕ್ಕೆ ಮುಗಿಸುತ್ತಾರೆ. ಒಂದು ಕೊಂಬೆಯನ್ನೂ ಕಡಿದಿಲ್ಲ.

ಮರದ ವಿಚಾರ ಬಂತು. ಟೀ ಮುಂದಿನ ಮೊದಲ ಹದಿನೈದು ಮೀಟರಿನಲ್ಲಿರುವ ಮರಗಳಿಗೇ ಏಟು ಜಾಸ್ತಿ, ಯಾಕಂದ್ರೆ ಡಿಸ್ಕ್ ಆಗ ಪೂರ್ತಿ ವೇಗದಲ್ಲಿರುತ್ತದೆ. ದಿನಾ ಬಡಿದರೆ ತೊಗಟೆ ಏಳುತ್ತದೆ. ಗೋಣಿಚೀಲ ಸುತ್ತೋಣ ಅಂತ ಗೆಳೆಯರು ಹೇಳಿದರು, ಮಾಮಾ ಬೇಡ ಅಂದರು, ತೇವ ಹಿಡಿದು ಗೆದ್ದಲು ಬರುತ್ತದೆ ಅಂತ. ಬಿದಿರಿನ ಸೀಳುಗಳನ್ನು ಗಾಳಿ ಆಡುವಂತೆ ಸಡಿಲವಾಗಿ ಹಗ್ಗದಲ್ಲಿ ಕಟ್ಟಿದ್ದೇವೆ, ಇದುವರೆಗೆ ಚೆನ್ನಾಗಿದೆ.

ಟೀ ಕಟ್ಟೆ ಸುಮಾರು ಒಂದೂವರೆ ಮೀಟರ್ ಅಗಲ, ಮೂರು ಮೀಟರ್ ಉದ್ದ ಬೇಕು, ಓಡಿ ಬಂದು ಎಸೆಯುವವರಿಗೆ ಇನ್ನೂ ಸ್ವಲ್ಪ ಉದ್ದವಿದ್ದರೆ ಒಳ್ಳೆಯದು. ಮೇಲಿನ ಕೆಂಪು ಮಣ್ಣಿನಲ್ಲಿ ಗರಸು ಹಾಕಿ, ನೀರು ಹೊಡೆದು, ದಮ್ಮಸ್ ಮಾಡಿದ್ದೇ ಸಾಕಾಯಿತು. ಎರೆಯಲ್ಲಿ ಆ ಆಟ ನಡೆಯುವುದಿಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮೇಲೆ ಹಾಕಿದ ಕಾಂಕ್ರೀಟ್ ಎರಡು ತುಂಡಾಗುತ್ತದೆ. ಕೆಳಗಿನ ನಾಲ್ಕು ಟೀಗಳಿಗೆ ಒಂದೂವರೆ ಅಡಿ ಎರೆ ತೆಗೆದು, ಗರಸು ತುಂಬಿ ಬಡಿದು, ಅದರ ಮೇಲೆ ಕಾಂಕ್ರೀಟ್ ಹಾಕಿಸಿದೆ. ಹಸಿ ಇದ್ದಾಗಲೇ ಕಸಬರಿಗೆಯಿಂದ ಗೆರೆ ಎಳೆದರೆ ಕಾಲು ಜಾರುವುದಿಲ್ಲ. ಗಾರೆಯವರು ಕಣ್ಣಿಗೆ ಚಂದ ಕಾಣಲಿ ಅಂತ ನುಣ್ಣಗೆ ತೀಡಲು ಹೋಗುತ್ತಾರೆ, ಪಕ್ಕದಲ್ಲೇ ನಿಂತು ತಡೆಯಬೇಕು. ಕಟ್ಟೆಯ ಮುಂದಿನ ಅಂಚು ನೆಲಕ್ಕೆ ಸಮ ಇರಬೇಕು. ಎಸೆದ ಮೇಲೆ ಮೈ ಮುಂದಕ್ಕೆ ಹೋಗುತ್ತದೆ, ಅಲ್ಲಿ ಅರ್ಧ ಅಡಿ ಇಳಿಜಾರು ಇದ್ದರೂ ಮೊಣಕಾಲು ಹೋಯಿತು ಅಂತಲೇ ಲೆಕ್ಕ.

ಬುಟ್ಟಿಗಳನ್ನು ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆವು. ಹೊರಗಿನಿಂದ ತರಿಸಿದರೆ ಬುಟ್ಟಿಗಿಂತ ಸಾಗಾಣಿಕೆಯೇ ಭಾರ. ಚಿತ್ರ ನೋಡಿದ ವೆಲ್ಡರ್ "ಇದೇನ್ ಸರ, ಗಿಣಿ ಪಂಜರಾನ?" ಅಂದರು. ಅಳತೆ ಕೊಟ್ಟ ಮೇಲೆ ಮಾತ್ರ ಅವರ ಕೆಲಸಕ್ಕೆ ಹೆಸರಿಡುವಂತಿಲ್ಲ. ಜಿಐ ಪೈಪಿನ ಕಂಬ, ನೆಲದಿಂದ ಬುಟ್ಟಿಯ ಅಂಚಿಗೆ ಸುಮಾರು 82 ಸೆಂಟಿಮೀಟರ್, ಮೇಲಿನ ಬಳೆಯಿಂದ ಎರಡು ಸುತ್ತು ಸರಪಳಿ, ಒಂದು ಹೊರಗೆ ಒಂದು ಒಳಗೆ. ಸರಪಳಿ ತೀರಾ ಹಗುರ ಇದ್ದರೆ ಡಿಸ್ಕ್ ಸೀಳಿಕೊಂಡು ಆಚೆ ಹೋಗುತ್ತದೆ, ತೀರಾ ದಪ್ಪ ಇದ್ದರೆ ಪುಟಿದು ವಾಪಸ್ ಬರುತ್ತದೆ. ಅಂಗಡಿಯಲ್ಲೇ ಎರಡು ಮೂರು ಥರದ ಸರಪಳಿ ತೂಗುಹಾಕಿ, ಐದಾರು ಮೀಟರ್ ದೂರದಿಂದ ಎಸೆದು ನೋಡಿ ಆರಿಸಿದೆವು. ಪಕ್ಕದ ಗ್ಯಾರೇಜಿನವರು ಕೆಲಸ ಬಿಟ್ಟು ಬಂದು ತಾವೂ ಎಸೆದರು.

ಕಂಬವನ್ನು ನೇರ ಕಾಂಕ್ರೀಟಿಗೆ ಹೂಳಬೇಡಿ. ಸ್ವಲ್ಪ ದೊಡ್ಡ ಪೈಪಿನ ತುಂಡನ್ನು ನೆಲದಲ್ಲಿ ಕೂಡಿಸಿ, ಕಂಬವನ್ನು ಅದರೊಳಗೆ ಇಳಿಸಿ, ಬೀಗ ಹಾಕಿ. ಸುಗ್ಗಿಗೆ ಬುಟ್ಟಿ ಎತ್ತಿಡಬಹುದು, ಟ್ರ್ಯಾಕ್ಟರ್ ಆರಾಮಾಗಿ ಓಡಾಡುತ್ತದೆ, ಸರಪಳಿ ಗುಜರಿಗೆ ಹೋಗುವ ಭಯವೂ ಇಲ್ಲ. ಒಂದೊಂದು ಹೋಲಿಗೆ ಇಂಥ ಪೈಪು ಎರಡು ಕಡೆ ಹೂತಿದ್ದೇವೆ. ಜಾಗ ಬದಲಿಸುತ್ತಿದ್ದರೆ ಬುಟ್ಟಿಯ ಸುತ್ತ ಹುಲ್ಲು ಸಾಯುವುದಿಲ್ಲ, ಆಟವೂ ಹಳಸುವುದಿಲ್ಲ.

ಕೆಳಗಿನ ಸುತ್ತಿನಲ್ಲಿ ತಲೆ ತಿಂದದ್ದು ಒಂದು ಕಾಲುದಾರಿ. ಮೇವು ಹೊತ್ತು ತರುವವರು, ದನ ಹೊಡೆದುಕೊಂಡು ಹೋಗುವವರು ಎಷ್ಟೋ ವರ್ಷದಿಂದ ಅಲ್ಲೇ ಓಡಾಡುತ್ತಾರೆ. ಆ ದಾರಿಯನ್ನು ಮುಚ್ಚುವ ಮಾತೇ ಇಲ್ಲ. ಬೋರ್ಡ್ ಹಾಕಿ ಅಂದರು ಕೆಲವರು. ತಲೆ ಮೇಲೆ ಹುಲ್ಲಿನ ಹೊರೆ ಇದ್ದವರು ಬೋರ್ಡ್ ಓದುತ್ತಾರಾ? ಆರನೇ ಹೋಲಿನ ಟೀಯನ್ನೇ ದಾರಿಯ ಆಚೆ ಬದಿಗೆ ಒಯ್ದೆ, ಈಗ ಎಸೆತ ದಾರಿಗೆ ಬೆನ್ನು ಮಾಡಿ ಹೋಗುತ್ತದೆ. ಕುರಿ ಕಾಯುವ ಅಜ್ಜ ಒಬ್ಬರು ಮೊದಲ ದಿನ ಬಹಳ ಹೊತ್ತು ನಿಂತು ನೋಡಿ, "ನೀವ ಒಗೀತೀರಿ, ಮತ್ತ ನೀವ ತರಾಕ ಹೊಂಟೀರಲ್ರಿ, ನಾಯಿ ಸಾಕಬಾರದೇನ್ರಿ?" ಅಂತ ಕೇಳಿದರು. ಈಗ ಜಾಲಿಯಲ್ಲಿ ಕಳೆದ ಡಿಸ್ಕ್‌ಗಳನ್ನು ಹುಣಸೆ ಮರದ ಬುಡಕ್ಕೆ ತಂದಿಡುವವರು ಅವರೇ.

ಡಿಸ್ಕ್ ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಹಳದಿ ಡಿಸ್ಕ್ ಒಣ ಹುಲ್ಲಿನಲ್ಲಿ ಕಾಣಿಸುವುದಿಲ್ಲ, ಕೆಂಪು ಡಿಸ್ಕ್ ಕೆಂಪು ಮಣ್ಣಿನಲ್ಲಿ. ಗುಲಾಬಿ ಇಲ್ಲಾ ತಿಳಿ ನೀಲಿ ತಗೊಳ್ಳಿ. ಹಳ್ಳಕ್ಕೆ ಬಿದ್ದದ್ದು ಬಹುಪಾಲು ಮುಳುಗುತ್ತದೆ. ಹುಲ್ಲಿನಲ್ಲಿ ಕೈ ಹಾಕುವ ಮೊದಲು ಕೋಲಾಡಿಸಿ, ಹಾವು ಇರುತ್ತವೆ.

ಗದಗಿನ ಗೆಳೆಯರು ಕಪ್ಪತಗುಡ್ಡದ ಇಳಿಜಾರು ತೋರಿಸಿ ಇಲ್ಲಿ ಮಾಡೋಣ ಅಂದಿದ್ದರು. ಜಾಗ ಚಂದ, ನಿಜ. ಆದರೆ ಅದು ವನ್ಯಜೀವಿ ಧಾಮ, ಅಲ್ಲಿ ಗೂಟ ನೆಡುವ ಪ್ರಶ್ನೆಯೇ ಇಲ್ಲ. ಅದೂ ಅಲ್ಲದೆ ಗಾಳಿಯಂತ್ರ ತಿರುಗಿಸುವ ಗಾಳಿ ಇರುವ ಸೀಮೆಯಲ್ಲಿ ನೂರೆಪ್ಪತ್ತು ಗ್ರಾಂ ಡಿಸ್ಕ್ ಎಲ್ಲಿಗೆ ಹೋಗಬಹುದು ಯೋಚನೆ ಮಾಡಿ. ಅವರಿಗೆ ಊರ ಹತ್ತಿರದ ಒಂದು ಹಳೇ ಬೇವಿನ ತೋಪು ನೋಡಿ ಬಂದಿದ್ದೇನೆ, ಮಾಲೀಕರು ಒಪ್ಪಿದರೆ ಆರು ಹೋಲ್ ಆಗುತ್ತದೆ. ಹಾವೇರಿಯವರದು ಪೂರ್ತಿ ಎರೆ, ಮರವೇ ಕಡಿಮೆ. ಅಲ್ಲಿ ಬದುಗಳನ್ನೇ ಅಡ್ಡಿಯಾಗಿ ಬಳಸಿ ಉದ್ದ ಹೋಲ್ ಹಾಕಬಹುದು, ಹಿಂಗಾರಿಗೆ ಬಿತ್ತದ ಹೊಲ ಸಿಗಬೇಕು ಅಷ್ಟೇ. ಬರುವ ಮಳೆಗೆ ಮೊದಲು ಗಳ, ಸುಣ್ಣ ತಗೊಂಡು ಒಂದು ಸುತ್ತು ಹೋಗಿ ಬರುವವರಿದ್ದೇವೆ. ಎರೆ ನೆಲ ಒಣಗಿದಾಗಲೊಮ್ಮೆ, ಹಸಿ ಆದಾಗಲೊಮ್ಮೆ ನೋಡದೆ ಗಾರೆಯವರನ್ನು ಕರೆಯಬೇಡಿ ಅಂತ ಅವರಿಗೆ ಈಗಾಗಲೇ ಹೇಳಿದ್ದೇನೆ.