ನೆದರ್ಲೆಂಡ್ಸ್‌ಗೆ ಹೊರಟ ತುಮಕೂರು ಕಡೆಯವರಿಗೆ: ಅಲ್ಲಿನ ಸರ್ಕಾರ ನಿಮ್ಮ ಲೆಕ್ಕ ಹೇಗೆ ಇಡುತ್ತದೆ

ತುಮಕೂರು, ತಿಪಟೂರು, ಶಿರಾ ಕಡೆಯಿಂದ ಕೆಲಸ ಸಿಕ್ಕಿ ನೆದರ್ಲೆಂಡ್ಸ್‌ಗೆ ಹೊರಟವರು ನನ್ನನ್ನು ಕೇಳುವುದು ಬಾಡಿಗೆ ಎಷ್ಟು, ಚಳಿ ಹೇಗೆ, ರಾಗಿ ಹಿಟ್ಟು ಸಿಗುತ್ತಾ ಅಂತ. ಸಿಗುತ್ತದೆ, ಚಿಂತೆ ಬೇಡ. ಅಲ್ಲಿ ಕೆಲವು ವರ್ಷ ಇದ್ದು ವಾಪಸ್ ಬಂದವಳಾಗಿ ನಾನು ಮೊದಲು ಹೇಳುವುದೇ ಬೇರೆ. ಅಲ್ಲಿನ ಸರ್ಕಾರ ನಿಮ್ಮ ಬಗ್ಗೆ ಏನೇನು ಬರೆದಿಟ್ಟುಕೊಳ್ಳುತ್ತದೆ, ಯಾವುದಕ್ಕೆ ಬಳಸುತ್ತದೆ, ಅದರಲ್ಲಿ ತಪ್ಪಾದರೆ ಏನು ಮಾಡಬೇಕು, ಇದನ್ನು ವಿಮಾನ ಹತ್ತುವ ಮೊದಲೇ ತಿಳಿದುಕೊಳ್ಳಿ.

ನಮ್ಮಲ್ಲಿ ಲೆಕ್ಕ ಹಾಕುವುದು ನಿಮಗೆ ಗೊತ್ತಲ್ವಾ? 2025ರ ಸಮೀಕ್ಷೆಗೆ ಮನೆಗೆ ಸ್ಟಿಕ್ಕರ್ ಅಂಟಿಸಿ ಹೋದರು, ಆಮೇಲೆ ಸ್ಕೂಲ್ ಮೇಷ್ಟ್ರು ಬಂದು 60 ಪ್ರಶ್ನೆ ಕೇಳಿದರು. ಅಲ್ಲಿ ಹಾಗೆ ಯಾರೂ ಬಾಗಿಲು ತಟ್ಟುವುದಿಲ್ಲ. ಮನೆಮನೆ ಜನಗಣತಿ ಕೊನೆಯ ಸಲ ನಡೆದಿದ್ದು 1971ರಲ್ಲಿ, ಅದಕ್ಕೂ ಜನ ಜೋರಾಗಿ ವಿರೋಧ ಮಾಡಿದ್ದರು. ಅವರ ಭಯಕ್ಕೆ ಕಾರಣ ಇತ್ತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಹುಡುಕಿ ಹಿಡಿಯಲು ಊರೂರಿನ ನಿವಾಸಿಗಳ ನೋಂದಣಿಯನ್ನೇ ಬಳಸಿದ್ದರು. 1943ರ ಮಾರ್ಚ್‌ನಲ್ಲಿ ಒಂದು ಪ್ರತಿರೋಧ ಗುಂಪು ಆಮ್‌ಸ್ಟರ್‌ಡಾಮ್‌ನ ನೋಂದಣಿ ಕಚೇರಿಯನ್ನು ಸ್ಫೋಟಿಸಿ ಬೆಂಕಿ ಹಚ್ಚಿತು, ಕಾರ್ಡುಗಳು ಸುಟ್ಟಷ್ಟೂ ಜೀವ ಉಳಿಯುತ್ತದೆ ಅಂತ. ಇಷ್ಟೆಲ್ಲ ಅನುಭವಿಸಿದ ದೇಶ ಇವತ್ತು ನಡೆಯುವುದೇ ನೋಂದಣಿಯ ಮೇಲೆ.

ಆ ನೋಂದಣಿಯ ಹೆಸರು ಬಿಆರ್‌ಪಿ. ನಾಲ್ಕು ತಿಂಗಳಿಗಿಂತ ಜಾಸ್ತಿ ಇರುವವರು ಹೋದ 5 ದಿನದೊಳಗೆ ಗೆಮೀಂಟೆಗೆ, ಅಂದರೆ ಅಲ್ಲಿನ ನಗರಸಭೆಗೆ, ಹೋಗಿ ಹೆಸರು ಬರೆಸಬೇಕು. ಪಾಸ್‌ಪೋರ್ಟ್, ಬಾಡಿಗೆ ಕರಾರು, ಅಪಾಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ಸರ್ಕಾರಿ ಮುದ್ರೆ) ಆದ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಈ ಅಪಾಸ್ಟಿಲ್ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ, ಅಲ್ಲಿಗೆ ಹೋದ ಮೇಲೆ ಅಪ್ಪ ಅಮ್ಮನನ್ನು ಪಾಲಿಕೆಗೆ ಅಲೆಸಬೇಡಿ. ಹೆಸರು ಬರೆಸಿದರೆ ಬಿಎಸ್‌ಎನ್ ಅನ್ನುವ ನಂಬರ್ ಸಿಗುತ್ತದೆ. ಸಂಬಳ, ತೆರಿಗೆ, ಆರೋಗ್ಯ ವಿಮೆ, ಮಗುವಿನ ಶಾಲೆ, ಎಲ್ಲವೂ ಆ ಒಂದು ನಂಬರ್‌ಗೆ ಅಂಟಿಕೊಳ್ಳುತ್ತದೆ. ಕೆಲವು ಮನೆ ಮಾಲೀಕರು ರೂಮ್ ಕೊಡುತ್ತೇವೆ, ವಿಳಾಸ ಮಾತ್ರ ಬರೆಸಬೇಡಿ ಅನ್ನುತ್ತಾರೆ. ಎಷ್ಟೇ ಅಗ್ಗ ಇರಲಿ, ಅಂಥ ರೂಮ್ ಬೇಡವೇ ಬೇಡ.

ಈಗ ಮುಖ್ಯ ವಿಷಯ. ಈ ಮಾಹಿತಿ ಎರಡು ದಾರಿ ಹಿಡಿಯುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಒಂದು ದಾರಿ ಎಣಿಸುವುದಕ್ಕೆ. ಸಿಬಿಎಸ್ ಅಂತ ಅವರ ಕೇಂದ್ರ ಅಂಕಿಅಂಶ ಸಂಸ್ಥೆ ಇದೆ. ಜನರ ನೋಂದಣಿ, ಸಂಬಳದ ದಾಖಲೆ, ಮನೆಗಳ ದಾಖಲೆ ಎಲ್ಲವನ್ನೂ ಜೋಡಿಸಿ, ಹೆಸರು ತೆಗೆದು, ಜನಗಣತಿಯ ಲೆಕ್ಕ ಅಲ್ಲೇ ಹೊರಡಿಸುತ್ತಾರೆ. ಬೆಲೆ ಏರಿಕೆ ಲೆಕ್ಕಕ್ಕೆ ಸೂಪರ್ ಮಾರ್ಕೆಟ್‌ಗಳ ಬಿಲ್ಲಿಂಗ್ ಮಾಹಿತಿ ತೆಗೆದುಕೊಳ್ಳುತ್ತಾರೆ. ವಾಹನ ದಟ್ಟಣೆಗೆ ರಸ್ತೆಯೊಳಗೆ ಹುದುಗಿಸಿದ ಸೆನ್ಸರ್‌ಗಳಿವೆ. ಕೊರೊನಾ ಸಮಯದಲ್ಲಿ ದೇಶದ ಎಲ್ಲ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು ಯಾವ ಊರಲ್ಲಿ ಸೋಂಕು ಏರುತ್ತಿದೆ ಅಂತ ನೋಡುತ್ತಿದ್ದರು. ಹೀಗೆ ಲೆಕ್ಕ ಕೈಯಲ್ಲಿದ್ದರೆ ಯಾವ ಬಡಾವಣೆಗೆ ಶಾಲೆ ಬೇಕು, ಎಲ್ಲಿ ಬಸ್ ಸಾಲದು ಅಂತ ಊಹೆ ಮಾಡಬೇಕಾಗಿಲ್ಲ. ಸಿಬಿಎಸ್‌ನಿಂದ ಒಬ್ಬೊಬ್ಬರ ವಿವರ ತೆರಿಗೆ ಇಲಾಖೆಗೋ ಪೊಲೀಸರಿಗೋ ಹೋಗುವಂತಿಲ್ಲ, ಕಾನೂನೇ ತಡೆಯುತ್ತದೆ. ಈ ದಾರಿಗೆ ಹೆದರಬೇಡಿ, ಇದು ನಮ್ಮ ರಾಜ್ಯಕ್ಕೂ ಬೇಕಾದದ್ದು ಅಂತಲೇ ನಾನು ಹೇಳುತ್ತೇನೆ.

ನೋಂದಣಿಯಿಂದ ಕೆಲವು ಸೌಲಭ್ಯ ತಾನಾಗಿಯೇ ಬರುತ್ತವೆ. ಮಗುವಿಗೆ ಲಸಿಕೆಯ ಆಹ್ವಾನ ಮನೆಗೇ ಬರುತ್ತದೆ. ಕಾನೂನು ಪ್ರಕಾರ 5 ವರ್ಷ ವಾಸ ಮಾಡಿದವರಿಗೆ ಭಾರತದ ಪಾಸ್‌ಪೋರ್ಟ್ ಇದ್ದರೂ ನಗರಸಭೆ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ, ಅದರ ಕಾರ್ಡ್ ಕೂಡ ಅಂಚೆಯಲ್ಲೇ ಬರುತ್ತದೆ.

ಇನ್ನೊಂದು ದಾರಿ ಅನುಮಾನಿಸುವುದಕ್ಕೆ. ಎಚ್ಚರ ಬೇಕಾಗಿರುವುದು ಇಲ್ಲಿ. 2024ರ ನವೆಂಬರ್‌ನಲ್ಲಿ ನಮ್ಮಲ್ಲಿ ಬಿಪಿಎಲ್ ಕಾರ್ಡ್ ರದ್ದಾದ ಗಲಾಟೆ ನೆನಪಿದೆಯಾ? ಒಂದು ಪಟ್ಟಿಯನ್ನು ಇನ್ನೊಂದಕ್ಕೆ ತಾಳೆ ಹಾಕಿ, ಮನೆಯ ಸ್ಥಿತಿ ನೋಡದೆ ಹೆಸರು ತೆಗೆದರೆ ಏನಾಗುತ್ತದೆ ಅಂತ ಆಗ ಗೊತ್ತಾಯಿತು. ಅಲ್ಲಿ ಇದರ ಎಷ್ಟೋ ಪಟ್ಟು ದೊಡ್ಡ ಅನ್ಯಾಯ ನಡೆಯಿತು. ಮಕ್ಕಳನ್ನು ಡೇಕೇರ್‌ಗೆ ಬಿಡುವ ಪೋಷಕರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಮೋಸ ಹಿಡಿಯುತ್ತೇವೆ ಅಂತ ತೆರಿಗೆ ಇಲಾಖೆ ಅರ್ಜಿಗಳಿಗೆ ಕಂಪ್ಯೂಟರ್‌ನಿಂದ ಅಂಕ ಹಾಕಿಸಿತು. ಆ ಲೆಕ್ಕದಲ್ಲಿ ಅರ್ಜಿದಾರ ಡಚ್ ಪ್ರಜೆಯೋ ಅಲ್ಲವೋ ಅನ್ನುವುದೂ ಒಂದು ಅಂಶವಾಗಿತ್ತು. ಒಂದು ಸಹಿ ಬಿಟ್ಟುಹೋಗಿದ್ದಕ್ಕೆ, ಸಣ್ಣ ಮೊತ್ತ ಕಟ್ಟಿಲ್ಲದ್ದಕ್ಕೆ ಇಡೀ ವರ್ಷದ ಹಣ ವಾಪಸ್ ಕೊಡಿ ಅಂದರು. ಹತ್ತಾರು ಸಾವಿರ ಪೋಷಕರು ಸಾಲಕ್ಕೆ ಬಿದ್ದರು, ಮನೆ ಕಳೆದುಕೊಂಡವರಿದ್ದಾರೆ, ಸಂಸಾರ ಒಡೆದವರಿದ್ದಾರೆ. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಅವರ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಖಾಸಗಿ ಮಾಹಿತಿ ರಕ್ಷಣಾ ಪ್ರಾಧಿಕಾರ ತೆರಿಗೆ ಇಲಾಖೆಗೆ 27.5 ಲಕ್ಷ ಯೂರೋ ದಂಡ ಹಾಕಿತು. ಸಂತ್ರಸ್ತರಿಗೆ ತಲಾ 30,000 ಯೂರೋ ಪರಿಹಾರ ಘೋಷಿಸಿದರು, ಆದರೆ ಹೋದ ವರ್ಷಗಳನ್ನು ಯಾರು ಕೊಡುತ್ತಾರೆ?

ಅದಕ್ಕೂ ಮೊದಲು, 2020ರ ಫೆಬ್ರವರಿಯಲ್ಲಿ, ಹೇಗ್‌ನ ಕೋರ್ಟ್ ಸಿರಿ ಅನ್ನುವ ವ್ಯವಸ್ಥೆಯನ್ನು ನಿಲ್ಲಿಸಿತ್ತು. ಬೇರೆ ಬೇರೆ ಇಲಾಖೆಗಳ ಮಾಹಿತಿ ಕಲೆಹಾಕಿ ಯಾರು ಮೋಸ ಮಾಡಬಹುದು ಅಂತ ಊಹಿಸುವ ವ್ಯವಸ್ಥೆ ಅದು. ಲೆಕ್ಕ ಹೇಗೆ ಹಾಕುತ್ತೀರಿ ಅಂತ ಜನಕ್ಕೆ ತಿಳಿಸದೆ ಹೀಗೆ ಮಾಡುವಂತಿಲ್ಲ ಅಂದಿತು ಕೋರ್ಟ್. ಈಗ ಸರ್ಕಾರ ಬಳಸುವ ಆಲ್ಗಾರಿದಮ್‌ಗಳ, ಅಂದರೆ ಇಂಥ ಕಂಪ್ಯೂಟರ್ ಲೆಕ್ಕದ ವಿಧಾನಗಳ, ಒಂದು ಪಟ್ಟಿ ಇದೆ, 2022ರ ಡಿಸೆಂಬರ್‌ನಿಂದ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ನೀವು ಮಾಡಬೇಕಾದದ್ದು ಇಷ್ಟು. ಡಿಜಿಡಿ ಅನ್ನುವ ಲಾಗಿನ್ ಮಾಡಿಸಿಕೊಂಡು ಮೈನ್‌ಓವರ್‌ಹೈಡ್ ಅನ್ನುವ ಸರ್ಕಾರಿ ತಾಣದಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ವಿಳಾಸ ಸರಿ ಇದೆಯಾ ನೋಡಿ. ನಮ್ಮ ಇನಿಷಿಯಲ್, ಅಪ್ಪನ ಹೆಸರು, ಊರ ಹೆಸರು ಎಲ್ಲ ಸೇರಿ ಅಲ್ಲಿ ಕಲಸುಮೇಲೋಗರ ಆಗುವುದು ಜಾಸ್ತಿ, ಮೊದಲ ವಾರದಲ್ಲೇ ಸರಿಮಾಡಿಸಿ. ಮನೆ ಬದಲಿಸಿದರೆ 5 ದಿನದೊಳಗೆ ತಿಳಿಸಿ. ಡೇಕೇರ್ ಸಹಾಯಧನ ಪಡೆಯುತ್ತಿದ್ದು ಸಂಬಳ ಏರಿದರೆ, ಕೆಲಸ ಬಿಟ್ಟರೆ, 4 ವಾರದೊಳಗೆ ಹೇಳಿಬಿಡಿ. ಬರುವ ಹಣ ಮುಂಗಡ ಅಷ್ಟೇ, ಲೆಕ್ಕ ಆಮೇಲೆ ಆಗುತ್ತದೆ. ಬಾಡಿಗೆ ಸಹಾಯಧನ ಪಡೆಯುವವರು ಸುಮ್ನೆ ಸ್ನೇಹಿತನ ಹೆಸರನ್ನು ನಿಮ್ಮ ವಿಳಾಸದಲ್ಲಿ ಬರೆಸಬೇಡಿ, ಅವನ ಆದಾಯವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ನೀಲಿ ಲಕೋಟೆ ಬಂದರೆ ಅದು ತೆರಿಗೆ ಇಲಾಖೆಯದು. ಡಚ್ ಬರುವುದಿಲ್ಲ ಅಂತ ಪಕ್ಕಕ್ಕಿಡಬೇಡಿ, ಅವತ್ತೇ ಓದಿಸಿ. ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ 6 ವಾರದೊಳಗೆ ಬೆಜ್ವಾರ್ ಹಾಕಬೇಕು, ಅಂದರೆ ಆಕ್ಷೇಪಣೆ. ನನ್ನ ಬಗ್ಗೆ ಏನು ಮಾಹಿತಿ ಇಟ್ಟಿದ್ದೀರಿ ಅಂತ ಯಾವ ಇಲಾಖೆಯನ್ನಾದರೂ ಕೇಳುವ ಹಕ್ಕು ಯುರೋಪಿನ ಕಾನೂನಿನಲ್ಲಿದೆ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಕೇಳಿದರೆ ವೀಸಾಗೆ ತೊಂದರೆ ಅಂತ ನಮ್ಮವರು ಹೆದರುತ್ತಾರೆ. ಇದು ಕಾನೂನು ಕೊಟ್ಟ ಹಕ್ಕು, ಧೈರ್ಯವಾಗಿ ಕೇಳಿ. ಆದಾಯ ಕಡಿಮೆ ಇರುವವರಿಗೆ ಯುರಿಡಿಸ್ ಲೊಕೆಟ್‌ನಲ್ಲಿ ಉಚಿತ ಕಾನೂನು ಸಲಹೆ ಸಿಗುತ್ತದೆ.

ವಾಪಸ್ ಬರುವಾಗಲೂ ಒಂದು ಕೆಲಸ ಇದೆ. ವರ್ಷದಲ್ಲಿ 8 ತಿಂಗಳಿಗಿಂತ ಜಾಸ್ತಿ ಹೊರಗಿರುತ್ತೀರಿ ಅಂದರೆ ಹೊರಡುವ ಮುಂಚಿನ 5 ದಿನದಲ್ಲಿ ಗೆಮೀಂಟೆಗೆ ತಿಳಿಸಿ ಹೆಸರು ತೆಗೆಸಬೇಕು. ತೆರಿಗೆಯ ಪತ್ರ ಆಮೇಲೂ ಬರಬಹುದು, ಊರಿನ ವಿಳಾಸವನ್ನು ಪಿನ್‌ಕೋಡ್ ಸಮೇತ ಕೊಟ್ಟು ಬನ್ನಿ, ಡಿಜಿಡಿ ಮಾತ್ರ ಮುಚ್ಚಬೇಡಿ.