ಒಂಟಾರಿಯೋ ಚಳಿಗಾಲ: ಸೋಲಾರ್ ಪ್ಯಾನೆಲ್ ಮೇಲೆ ಹಿಮ ನಿಲ್ಲದ ಹಾಗೆ

ಹಾಸನದ ತಾರಸಿಯಲ್ಲಿ ಪ್ಯಾನೆಲನ್ನು 13–15 ಡಿಗ್ರಿ ವಾಲಿಸಿದರೆ ಸಾಕು, ಊರಿರುವ ಅಕ್ಷಾಂಶವೇ 13. ಧೂಳು ಕೂತರೆ ಪೈಪು ಹಿಡಿದು ತೊಳೆದರಾಯಿತು. ಕೆನಡಾದ ಒಂಟಾರಿಯೋ ಪ್ರಾಂತ್ಯದ ಟೊರೊಂಟೊ ಇರುವುದು 43 ಡಿಗ್ರಿ ದಾಟಿ. ಅಲ್ಲಿ ಈ ಎರಡು ಅಭ್ಯಾಸವೂ ನಡೆಯುವುದಿಲ್ಲ. ಅಷ್ಟು ಕಡಿಮೆ ವಾಲಿದ ಪ್ಯಾನೆಲ್ ಮೇಲೆ ಹಿಮ ದಿನಗಟ್ಟಲೆ ಕೂತುಬಿಡುತ್ತದೆ, ಬಿಟ್ಟ ನೀರು ಗಾಜಿನ ಮೇಲೇ ಹೆಪ್ಪುಗಟ್ಟುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ಹೆಂಚಿನ ಮಾಡು ಏಕೆ ಅಷ್ಟು ಇಳಿಜಾರು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಮಕ್ಕೂ ಅದೇ ಲೆಕ್ಕ. ಅಂಗಳದಲ್ಲಿ ಕಂಬ ನೆಟ್ಟು ಕೂರಿಸುವವರು 50–60 ಡಿಗ್ರಿವರೆಗೂ ಹೋಗಬಹುದು. ಕೆಳ ಅಂಚು ಮಾತ್ರ ನೆಲದಿಂದ ಮೂರು ಅಡಿಯಾದರೂ ಮೇಲಿರಲಿ, ಇಲ್ಲವಾದರೆ ಜಾರಿದ ಹಿಮ ಬುಡದಲ್ಲಿ ಗುಡ್ಡೆಯಾಗಿ ಮತ್ತೆ ಗಾಜನ್ನೇ ಮುಚ್ಚುತ್ತದೆ.

ಕೂರಿಸುವವರನ್ನು ತಪ್ಪದೆ ಕೇಳಿ: ಪ್ಯಾನೆಲಿನ ಉದ್ದದ ಬದಿ ಮೇಲೆ-ಕೆಳಗೆ ಬರುವಂತೆ ನಿಲ್ಲಿಸುತ್ತೀರೋ, ಅಡ್ಡ ಮಲಗಿಸುತ್ತೀರೋ? ಹಿಮ ಜಾರುತ್ತ ಬಂದು ಕೆಳಗಿನ ಚೌಕಟ್ಟಿನ ಅಂಚಿಗೆ ಅಂಗೈಯಗಲದ ಪಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಪ್ಯಾನೆಲಿನಲ್ಲಿ ಸೆಲ್‌ಗಳು ಉದ್ದಕ್ಕೆ ಮೂರು ಸಾಲಾಗಿ ಹಂಚಿಕೊಂಡಿರುತ್ತವೆ, ಸಾಲಿಗೊಂದು ಬೈಪಾಸ್ ಡಯೋಡ್, ಅಂದರೆ ಮುಚ್ಚಿಹೋದ ಸಾಲನ್ನು ಬದಿಗಿಟ್ಟು ಉಳಿದವುಗಳ ಕರೆಂಟು ಹರಿಯಲು ಬಿಡುವ ಬಿಡಿಭಾಗ. ನಿಲ್ಲಿಸಿದ್ದರೆ ಆ ಪಟ್ಟಿ ಮೂರೂ ಸಾಲಿನ ತುದಿ ಮುಚ್ಚಿ ಉತ್ಪಾದನೆಯನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ. ಅಡ್ಡ ಮಲಗಿಸಿದ್ದರೆ ಹೋಗುವುದು ಒಂದು ಸಾಲು, ಅಂದರೆ ಮೂರನೇ ಒಂದು ಭಾಗ. ಹಾಫ್‌ಕಟ್ ಸೆಲ್‌ನದಾದರೆ (ಅರ್ಧಕ್ಕೆ ಕತ್ತರಿಸಿದ ಸೆಲ್‌ಗಳನ್ನು ಎರಡು ಬೇರೆ ಭಾಗಗಳಾಗಿ ಜೋಡಿಸಿದ್ದು) ನಿಲ್ಲಿಸಿದರೂ ಮೇಲಿನ ಅರ್ಧ ದುಡಿಯುತ್ತದೆ.

ತೆಗೆಯಲೇಬೇಕೆಂದರೆ ಉದ್ದ ಕೋಲಿನ, ಫೋಮ್ ತಲೆಯ ರೂಫ್ ರೇಕ್ ಕೊಳ್ಳಿ. ಕಣದಲ್ಲಿ ಕಾಫಿ ಎಳೆಯುವ ಹಲಗೆಯ ಆಕಾರದ್ದೇ. ನೆಲದ ಮೇಲೆ, ಪಕ್ಕಕ್ಕೆ ನಿಂತು, ಹಿಮ ಇನ್ನೂ ಪುಡಿಯಾಗಿರುವಾಗಲೇ ಕೆಳ ಅಂಚಿನಿಂದ ಶುರುಮಾಡಿ. ಗಾಜು ಒಂದಿಷ್ಟು ಕಂಡರೂ ಅದು ಬಿಸಿಲು ಹೀರಿ ಬಿಸಿಯಾಗಿ ಉಳಿದದ್ದನ್ನು ತಾನೇ ಜಾರಿಸುತ್ತದೆ. ಅಂಟಿಕೊಂಡ ಮಂಜುಗಡ್ಡೆಯನ್ನು ಕೆರೆಯಬೇಡಿ. ಬಿಸಿನೀರು ಸುರಿದರೆ ಗಾಜು ಸಿಡಿಯಬಹುದು, ಉಪ್ಪು ಅಲ್ಯೂಮಿನಿಯಂ ಚೌಕಟ್ಟನ್ನು ತಿನ್ನುತ್ತದೆ. ಮಾಡು ಹತ್ತಲಂತೂ ಹೋಗಲೇಬೇಡಿ. ಬಾಗಿಲು, ಮಕ್ಕಳು ಓಡಾಡುವ ದಾರಿ ಕೆಳಗಿದ್ದರೆ ಅದರ ಮೇಲ್ಭಾಗಕ್ಕೆ ಸ್ನೋ ಗಾರ್ಡ್ (ಜಾರುವ ಹಿಮವನ್ನು ತಡೆಹಿಡಿಯುವ ತಡೆ) ಹಾಕಿಸಿ, ಇಲ್ಲವಾದರೆ ಹಿಮ ಒಮ್ಮೆಗೇ ಬಂಡೆಯ ಹಾಗೆ ಬೀಳುತ್ತದೆ.

ಡಿಸೆಂಬರ್, ಜನವರಿಯಲ್ಲಿ ಹಗಲೇ ಗಿಡ್ಡ, ಆದ್ದರಿಂದ ನಾಲ್ಕು ದಿನ ಮುಚ್ಚಿದರೂ ವರ್ಷದ ಲೆಕ್ಕದಲ್ಲಿ ನಷ್ಟ ಸಣ್ಣದು. ಒಂಟಾರಿಯೋದ ನೆಟ್ ಮೀಟರಿಂಗ್‌ನಲ್ಲಿ ಗ್ರಿಡ್‌ಗೆ ಕೊಟ್ಟ ಹೆಚ್ಚುವರಿ ವಿದ್ಯುತ್ತು ಬಿಲ್ಲಿಗೆ ಜಮೆಯಾಗುತ್ತದೆ, ಆ ಜಮೆ 12 ತಿಂಗಳು ಉಳಿಯುತ್ತದೆ. ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಯ ತಪಾಸಣೆ ಮುಗಿಸಿ ಏಪ್ರಿಲ್ ಹೊತ್ತಿಗೆ ಸಂಪರ್ಕ ಪಡೆದರೆ ಬೇಸಿಗೆಯ ಜಮೆ ಮೊದಲ ಚಳಿಗಾಲದ ಬಿಲ್ಲಿಗೇ ಒದಗುತ್ತದೆ.